ಜೆನೆರಿಕ್ ಮಾತ್ರೆಗೆ ಬದಲಾಯಿಸಿದರೆ ಡೋಸ್ ಏರುಪೇರಾಗುತ್ತದೆಯೇ?

ಪ್ರಶ್ನೆ:
ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ, ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ. ಎರಡನ್ನೂ ಒಂದೇ ದಿನ ಜೆನೆರಿಕ್‌ಗೆ (ಮೂಲ ಬ್ರ್ಯಾಂಡ್‌ನದೇ ಔಷಧವಿರುವ ಬೇರೆ ಕಂಪನಿಯ ಮಾತ್ರೆಗೆ) ಬದಲಾಯಿಸಬಹುದೇ? ಜೆನೆರಿಕ್ ಮೂಲ ಬ್ರ್ಯಾಂಡ್‌ನ 80ರಿಂದ 125% ತನಕ ಇದ್ದರೂ ಒಪ್ಪುತ್ತಾರಂತೆ. ಅಂದರೆ ಔಷಧದ ಅಂಶ 45% ಹೆಚ್ಚುಕಡಿಮೆ ಆಗಬಹುದೇ?

ಉತ್ತರ 1:
ಆ ಅಂಕಿ ಮಾತ್ರೆಯೊಳಗಿನ ಔಷಧದ ತೂಕದ್ದಲ್ಲ. ಸ್ವಯಂಸೇವಕರಿಗೆ ಮೂಲ ಬ್ರ್ಯಾಂಡ್, ಜೆನೆರಿಕ್ ಎರಡೂ ಮಾತ್ರೆ ಕೊಟ್ಟು, ರಕ್ತದಲ್ಲಿ ಔಷಧ ಏರುವ ಗರಿಷ್ಠ ಮಟ್ಟ ಮತ್ತು ರಕ್ತಕ್ಕೆ ಸೇರುವ ಒಟ್ಟು ಪ್ರಮಾಣವನ್ನು ಹೋಲಿಸುತ್ತಾರೆ. ಬರೀ ಸರಾಸರಿ ಆ ಗಡಿಯೊಳಗಿದ್ದರೆ ಸಾಲದು. 90% ಕಾನ್ಫಿಡೆನ್ಸ್ ಇಂಟರ್ವಲ್‌ನ (ನಿಜವಾದ ಸರಾಸರಿ ಇರಬಹುದಾದ ಅಂದಾಜು ವ್ಯಾಪ್ತಿಯ) ಮೇಲ್ತುದಿ, ಕೆಳತುದಿ ಎರಡೂ 80–125ರ ಒಳಗೆ ಕೂರಬೇಕು. ಸರಾಸರಿ 82ಕ್ಕೆ ಇಳಿಯಿತೆಂದರೆ ಕೆಳತುದಿ ಸಾಮಾನ್ಯವಾಗಿ 80ರ ಕೆಳಗೆ ಹೋಗಿ ಮಾತ್ರೆ ಫೇಲಾಗುತ್ತದೆ. ಅಮ್ಲೋಡಿಪಿನ್ ಬಗ್ಗೆ ಹೆದರಿಕೆ ಬೇಡ. ಬದಲಾಯಿಸಿದ ಮೇಲೆ ಎರಡು ವಾರ ದಿನವೂ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಒಂದು ದಿನದ ಅಂಕಿ ನೋಡಿ ತೀರ್ಮಾನಿಸಬೇಡಿ.

ಉತ್ತರ 2:
ಒಂದೇ ದಿನ ಎರಡೂ ಬೇಡ. ಏನಾದರೂ ತೊಂದರೆಯಾದರೆ ಯಾವ ಮಾತ್ರೆಯಿಂದ ಎಂದು ಗೊತ್ತಾಗುವುದಿಲ್ಲ.

ಲೆವೊಥೈರಾಕ್ಸಿನ್ ಮಾತ್ರ ಬೇರೆ ಲೆಕ್ಕ. ಸ್ವಲ್ಪ ವ್ಯತ್ಯಾಸವಾದರೂ ಟಿಎಸ್‌ಎಚ್ (ಥೈರಾಯ್ಡ್ ಹದವನ್ನು ತೋರಿಸುವ ರಕ್ತದ ಹಾರ್ಮೋನ್) ಅಲುಗಾಡುತ್ತದೆ. ವೈದ್ಯರಿಗೆ ತಿಳಿಸಿಯೇ ಬದಲಾಯಿಸಿ, 6–8 ವಾರದ ಮೇಲೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಈ ಔಷಧದ ಅರ್ಧಾಯುಷ್ಯವೇ (ರಕ್ತದಲ್ಲಿ ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು 7 ದಿನ. ಬೇಗ ಪರೀಕ್ಷಿಸಿದರೆ ಮಟ್ಟ ಇನ್ನೂ ನೆಲೆಗೊಂಡಿರುವುದಿಲ್ಲ. ಆಮೇಲೆ ತಿಂಗಳಿಗೊಂದು ಕಂಪನಿಯದು ಕೊಳ್ಳದೆ ಒಂದಕ್ಕೇ ಅಂಟಿಕೊಳ್ಳಿ. ಜೆನೆರಿಕ್‌ನಿಂದ ಜೆನೆರಿಕ್‌ಗೆ ಹಾರುವುದೂ ಬದಲಾವಣೆಯೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಅವು ಹೀರಿಕೆಯನ್ನು ತಡೆದಾಗಲೂ ಎಷ್ಟೋ ಸಲ ದೂರು ಜೆನೆರಿಕ್ ಮೇಲೆ ಬರುತ್ತದೆ.

ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು), ಫೆನಿಟೋಯಿನ್, ಕಾರ್ಬಮಜೆಪಿನ್ (ಮೂರ್ಛೆರೋಗಕ್ಕೆ), ಟ್ಯಾಕ್ರೋಲಿಮಸ್‌ಗೂ (ಅಂಗ ಕಸಿ ಆದವರಿಗೆ) ಇದೇ ಎಚ್ಚರಿಕೆ ಬೇಕು. ವಾರ್ಫರಿನ್‌ಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ), ಟ್ಯಾಕ್ರೋಲಿಮಸ್‌ಗೆ ರಕ್ತದಲ್ಲಿನ ಮಟ್ಟ ನೋಡಲೇಬೇಕು.

ಪ್ರಶ್ನೆ ಕೇಳಿದವರು:
ಹೊಸ ಮಾತ್ರೆಯ ಬಣ್ಣ, ಆಕಾರ ಬೇರೆ ಇದ್ದರೆ?

ಉತ್ತರ 3:
ಬಣ್ಣ, ಆಕಾರದಿಂದ ಪರಿಣಾಮ ಬದಲಾಗದು. ಆದರೆ ದೊಡ್ಡ ಅಪಾಯ ಅಲ್ಲೇ ಇದೆ: ಹೆಸರು, ಬಣ್ಣ ಬೇರೆ ಎಂದು ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗುವವರಿದ್ದಾರೆ. ಅಮ್ಲೋಡಿಪಿನ್ ಹೀಗೆ 10 ಮಿ.ಗ್ರಾಂ ಆದರೆ ಕಾಲು ಊತ, ತಲೆಸುತ್ತು ಬರಬಹುದು. ಸ್ಟ್ರಿಪ್ ಮೇಲಿನ ಮೂಲ ಔಷಧದ ಹೆಸರು, ಮಿ.ಗ್ರಾಂ ಎರಡನ್ನೂ ಹೋಲಿಸಿ, ಹಳೆಯ ಸ್ಟ್ರಿಪ್ ಬೇರೆ ತೆಗೆದಿಡಿ. ಎಸ್‌ಆರ್, ಇಆರ್, ಎಕ್ಸ್‌ಎಲ್ ಅಕ್ಷರಗಳಿದ್ದರೆ ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. ಅದರ ಬದಲಿಗೆ ಸಾದಾ ಮಾತ್ರೆ ಬೇಡ. ಲ್ಯಾಕ್ಟೋಸ್ ಅಥವಾ ಯಾವುದಾದರೂ ಬಣ್ಣ ಆಗದವರು ಇತರ ಘಟಕಗಳ ಪಟ್ಟಿಯನ್ನೂ ಓದಬೇಕು, ಅವು ಕಂಪನಿಯಿಂದ ಕಂಪನಿಗೆ ಬೇರೆ.