ರಾತ್ರಿ ಬೆಳಗಾಗುವಷ್ಟರಲ್ಲಿ ಸಿತಾರಿನ ಶ್ರುತಿ ಇಳಿಯುತ್ತದೆ, ‘ಪ’ ನುಡಿಸಿದರೆ ಝರ್ ಅನ್ನುತ್ತದೆ (ಪುಣೆ)

ವಾರ್ಜೆಯ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಪುಣೆಯ ವಾರ್ಜೆಯಲ್ಲಿದ್ದೇವೆ. ಹನ್ನೊಂದು ವರ್ಷದ ಮಗಳು ದೀಪಾವಳಿಯಿಂದ ಸಿತಾರ್ ಕಲಿಯುತ್ತಿದ್ದಾಳೆ. ವಾದ್ಯ ನಮ್ಮ ಸೋದರತ್ತೆಯದು. ಇಪ್ಪತ್ತು ವರ್ಷ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಗವಸಣಿಗೆಯೊಳಗೇ ಇತ್ತು. ಇಲ್ಲಿಗೆ ತಂದಮೇಲೆ ತಂತಿ ಎಲ್ಲಾ ಹೊಸದು ಹಾಕಿಸಿದೆವು. ಚಳಿಗಾಲ ಪೂರ್ತಿ ಚೆನ್ನಾಗೇ ಇತ್ತು.

ಯುಗಾದಿ ಆದಮೇಲೆ ತೊಂದರೆ ಶುರುವಾಯಿತು. ಸಂಜೆ ಆರಕ್ಕೆ ಶ್ರುತಿ ಮಾಡಿಟ್ಟರೆ ಬೆಳಿಗ್ಗೆ ಆರೂವರೆಗೆ ಬಾಜ್ ತಂತಿ (ಸ್ವರ ನುಡಿಸುವ ಮುಖ್ಯ ತಂತಿ) ಜೋತು ಬಿದ್ದಿರುತ್ತದೆ. ಮತ್ತೆ ತಿರುಗಿಸಿ ‘ಮ’ಕ್ಕೆ ತಂದರೆ, ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಜಾರಿಸುವ ಮೀಂಡ್ ಎರಡು ಎಳೆಯುವಷ್ಟರಲ್ಲಿ ಖುಂಟಿ (ತಂತಿ ಬಿಗಿಮಾಡುವ ಮರದ ಬಿರಡೆ) ಕಿರ್ ಅಂತ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು, ‘ಪ’ದ ಪರದೆ (ಸಿತಾರಿನ ಕೋಲಿನ ಮೇಲೆ ಕಟ್ಟಿದ ಲೋಹದ ಮೆಟ್ಟು) ಒತ್ತಿ ನುಡಿಸಿದಾಗ ಒಳಗೆಲ್ಲೋ ಝರ್ರ್ ಎಂಬ ಸದ್ದು. ಅಕ್ಕಪಕ್ಕದ ಸ್ವರಗಳಿಗೆ ಇಲ್ಲ. ಅವಳು ಈಗ ಕಲಿಯುತ್ತಿರುವುದು ಭೂಪ್ ರಾಗದ ಗತ್ತು (ತಾಳಕ್ಕೆ ಕೂರಿಸಿದ ರಚನೆ), ಅದರಲ್ಲಿ ‘ಪ’ ಎರಡು ಮಾತಿಗೊಮ್ಮೆ ಬರುತ್ತದೆ.

ಗುರುಗಳು ರಜೆಗೆ ಊರಿಗೆ ಹೋಗಿದ್ದಾರೆ, ಬರುವುದು ತಿಂಗಳ ಕೊನೆಗೆ. ಒಂದು ಅಂಗಡಿಗೆ ಒಯ್ದರೆ ಗವಸಣಿಗೆ ಪೂರ್ತಿ ಬಿಚ್ಚುವ ಮೊದಲೇ “ಹಳೇ ಮಾಲು, ಹೊಸದು ತಗೊಳ್ಳಿ” ಅಂದರು. ಅದಾದರೂ ಹೋಗಲಿ. ನಿನ್ನೆ ಮಗಳು ಬೆರಳಿಗೆ ಹಾಕಿ ತಂತಿ ಮೀಟುವ ಮಿಜ್ರಾಬ್ ತೆಗೆದಿಟ್ಟು “ಅಮ್ಮಾ, ನನ್ನ ಕೈಯೇ ಬೇಸುರ, ಬಿಟ್ಟುಬಿಡ್ತೀನಿ” ಅಂದಳು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಾರಾಯಣ ಪೇಠೆ ಅಜ್ಜ:

ತಂಗಿ, ಮೊದಲ ಆ ಕೂಸಿಗೆ ಹೇಳ್ರಿ, ಕೈ ಬೇಸುರ ಅನ್ನೋದು ಇಲ್ಲ. ತಂತಿ ನಿಲ್ಲದ ವಾದ್ಯದ ಮ್ಯಾಲ ಉಸ್ತಾದರು ಕುಂತು ನುಡಿಸಿದ್ರೂ ಬೇಸುರಾನ ಬರತದ. ನಾನೂ ಧಾರವಾಡದಾಂವ, ಪುಣೇಕ ಬಂದು ನಲವತ್ತು ವರ್ಷ ಆತು.

ಹಳೇ ಮಾಲು ಅಂದ್ರಂತ, ಅದಕ್ಕ ಕಿವಿ ಕೊಡಬ್ಯಾಡ್ರಿ. ಹಳೇ ಕಟಗಿ, ಹಳೇ ಕುಂಬಳದ ಬುರುಡಿ ಸುರಕ್ಕ ಮಾಗಿರತಾವ. ಧಾರವಾಡದಾಗ ಸಿತಾರ್ ಅಂದ್ರ ರಹಿಮತ್ ಖಾನ್ ಸಾಹೇಬರು. ಅವರ ಗುರು, ಬೀನ್‌ಕಾರ (ರುದ್ರವೀಣಾ ನುಡಿಸವರು) ಬಂದೇ ಅಲಿ ಖಾನ್ ಸಾಹೇಬರು ಕಡೀ ದಿನ ಕಳದದ್ದು ಇದ ಪುಣೇದಾಗ. ಮಾಳಮಡ್ಡಿ ಸಿತಾರ್ ಪುಣೇಕ ಬಂದದ ಅಂದ್ರ ಗುರುವಿನ ಮನೀಗೆ ಬಂದಂಗ.

ಈಗ ಎರಡು ಮಾತು ಹೇಳ್ರಿ. ಸಿತಾರ್ ಮನ್ಯಾಗ ಎಲ್ಲಿ ಇಡ್ತೀರಿ? ಎಸಿ, ಕೂಲರ್ ಏನರ ಅದನ? ಆಮ್ಯಾಲ ಖುಂಟಿ ತಿರುವೋ ಮುಂದ ಒಳಗ ಒತ್ತಿ ತಿರುವ್ತೀರೋ, ಬರೇ ಸುತ್ತತೀರೋ?

ವಾರ್ಜೆಯ ಅಮ್ಮ:

ಕಾಕಾ, ನಮಸ್ಕಾರ. ನಿಮ್ಮ ಉತ್ತರವನ್ನು ಅವಳಿಗೇ ಓದಿಸಿದೆ.

ಸಿತಾರ್ ಹಾಲಿನ ಮೂಲೆಯಲ್ಲಿ ಗೋಡೆಗೆ ಆನಿಸಿ ಇಡುತ್ತೇವೆ. ಅತ್ತೆಯವರಿಗೆ ಸೆಕೆ ತಡೆಯುವುದಿಲ್ಲ, ಹಾಗಾಗಿ ಮಧ್ಯಾಹ್ನ ಹನ್ನೆರಡರಿಂದ ಆರರವರೆಗೆ ನೀರಿನ ಕೂಲರ್ ಓಡುತ್ತದೆ. ಈಗ ಎದ್ದು ನೋಡಿದೆ, ಅದರ ಗಾಳಿ ನೇರ ಆ ಮೂಲೆಗೇ ಹೊಡೆಯುತ್ತದೆ. ಖುಂಟಿ ಒತ್ತಿ ತಿರುಗಿಸಬೇಕೆಂದು ನಮಗೆ ಗೊತ್ತಿರಲಿಲ್ಲ.

ನಾರಾಯಣ ಪೇಠೆ ಅಜ್ಜ:

ಅಲ್ಲೇ ಅದ ನೋಡ್ರಿ ರೋಗ. ಖುಂಟಿ, ಅದು ಕೂತಿರೋ ತೂತು, ಎರಡೂ ಕಟಗಿ. ಹಸಿ ಗಾಳಿಗೆ ಉಬ್ಬತದ, ಒಣ ಗಾಳಿಗೆ ಸಣ್ಣ ಆಗತದ. ಪುಣೇದಾಗ ಮಾರ್ಚದಿಂದ ಮೇ ತನಕ ಒಣಾ ಝಳ. ನಿಮ್ಮ ಕೂಲರು ಆ ಸಿತಾರಿಗೆ ದಿನಾ ಆರು ತಾಸು ಮಳಿಗಾಲ ಮಾಡತದ, ರಾತ್ರಿ ಮತ್ತ ಬ್ಯಾಸಿಗಿ. ಸಂಜೀಕ ಉಬ್ಬಿದ ಖುಂಟಿ ಗಟ್ಟಿ ಹಿಡದಿರತದ, ಆವಾಗ ನೀವು ಶ್ರುತಿ ಮಾಡ್ತೀರಿ. ನಡುರಾತ್ರ್ಯಾಗ ಅದು ಒಣಗಿ ಹಿಡಿತ ಬಿಡತದ. ಇವತ್ತ ವಾದ್ಯಾನ ಒಳಗಿನ ಖೋಲಿಗೆ ಒಯ್ರಿ. ಹೊರಗಿನ ಗ್ವಾಡಿ ಬ್ಯಾಡ, ಒಳಗಿನ ಗ್ವಾಡಿ ಬಾಜೂಕ ಇಡ್ರಿ, ಗವಸಣಿಗಿ ಹಾಕೇ ಇಡ್ರಿ.

ಆಮ್ಯಾಲ ಸೀಮೆಸುಣ್ಣ. ಸಾಲಿ ಬಿಳೀ ಸೀಮೆಸುಣ್ಣದ್ದು ಒಂದು ತುಂಡು ಸಾಕು. ಒಂದ ಸಲಕ್ಕ ಒಂದ ತಂತಿ ಇಳಸ್ರಿ, ಇದನ್ನ ಮರೀಬ್ಯಾಡ್ರಿ. ಎಲ್ಲಾ ಒಮ್ಮೆಲೆ ಸಡ್ಲ ಮಾಡಿದ್ರ ಘೋಡಿ (ಬುರುಡಿ ಮ್ಯಾಲ ತಂತಿ ಹೊತ್ತಿರೋ ಸೇತುವಿ) ಜಾಗಾ ಬಿಟ್ಟು ಸರೀತದ, ಅದನ್ನ ಮತ್ತ ಕೂಡಸೂದು ನಿಮ್ಮ ಕೈಲೆ ಆಗೂದಿಲ್ಲ. ಬಾಜ್ ತಂತಿ ಇಳಿಸಿ ಖುಂಟಿ ಹೊರಗ ತಗೀರಿ, ಕಿಡಕ್ಯಾಗ ಬೆಳಕಿಗೆ ಹಿಡದು ನೋಡ್ರಿ. ಕಟಗಿ ಮ್ಯಾಲ ಉಂಗುರದಂಗ ಮಿಂಚೋ ಪಟ್ಟಿ ಕಾಣತದ. ತೂತಿಗೆ ತಿಕ್ಕೋ ಜಾಗಾ ಅದು. ಪಟ್ಟಿ ಸುತ್ತೂ ಬಂದಿದ್ರ ಖುಂಟಿ ಚಲೋ ಕೂತದ, ಅಲ್ಲೆ ಸೀಮೆಸುಣ್ಣ ತಿಕ್ಕಿ ವಾಪಸ್ ಹಾಕ್ರಿ. ಒಂದ ಬಾಜೂಕಷ್ಟ ಮಿಂಚತಿದ್ರ ಕೆತ್ತಿ ಕೂಡಸಬೇಕಾಗತದ, ಅದು ಕಾರಾಗೀರನ ಕೆಲಸ. ಎಣ್ಣಿ, ಸಾಬೂನು, ಅಂಟು ಯಾವದೂ ಹಚ್ಚಬ್ಯಾಡ್ರಿ.

ತಂತಿ ಸುತ್ತು ಒಂದರ ಮ್ಯಾಲ ಒಂದು ಏರಬಾರದು, ಬಾಜೂಕ ಬಾಜೂಕ ಕೂಡಬೇಕು. ತಿರುವೋ ಮುಂದ ಅಂಗೈಲೆ ಒಳಗ ಒತ್ತಿ ತಿರುವ್ರಿ. ಹನ್ನೊಂದು ವರ್ಷದ ಕೈಗೆ ಆ ಬಲ ಇರೂದಿಲ್ಲ, ದೊಡ್ಡ ಖುಂಟಿ ನೀವ ತಿರುವ್ರಿ. ಆಕಿಗೆ ಮಣಿ ಬಿಡ್ರಿ. ಬಾಜ್ ತಂತ್ಯಾಗ ಘೋಡಿ ದಾಟಿದ ಮ್ಯಾಲ ಒಂದು ಮಣಿ ಅದ ಅಲ್ಲ, ಅದನ್ನ ಬುಡದ ಕಡೆ ಸರಿಸಿದ್ರ ಸುರ ಕೂದಲೆಳಿಯಷ್ಟು ಏರತದ. ಸಣ್ಣ ಮಕ್ಕಳಿಗೆ ಕಿವಿ ತಯಾರ ಆಗೂದು ಆ ಮಣಿಯಿಂದನ.

ಶಿವಮೊಗ್ಗ ಟು ಪಿಂಪ್ರಿ:

ಝರ್ ಸದ್ದಿನ ಬಗ್ಗೆ ನಾನು ಹೇಳುತ್ತೇನೆ, ನನ್ನ ಮಗನ ಸಿತಾರಿನಲ್ಲೂ ಇದೇ ಆಗಿತ್ತು. ಒಂದೇ ಸ್ವರಕ್ಕೆ ಸದ್ದು ಬರುತ್ತಿದ್ದರೆ ಪರದೆಗಿಂತ ಮೊದಲು ತರಫ್ ತಂತಿಗಳನ್ನು ನೋಡಿ ಅಕ್ಕಾ. ಪರದೆಗಳ ಅಡಿಯಲ್ಲಿ ಹೋಗುವ ಆ ಹನ್ನೊಂದೋ ಹದಿಮೂರೋ ಸಣ್ಣ ತಂತಿಗಳನ್ನು ನಾವು ನುಡಿಸುವುದೇ ಇಲ್ಲ. ಮೇಲೆ ‘ಪ’ ಬಂದರೆ ‘ಪ’ಕ್ಕೆ ಕಟ್ಟಿದ ತರಫ್ ತಾನಾಗಿ ಮಿಡಿಯುತ್ತದೆ. ಅದು ಮಿಡಿಯುವಾಗ ಯಾವುದಕ್ಕಾದರೂ ತಾಗುತ್ತಿದ್ದರೆ ಸದ್ದು ಆ ಸ್ವರಕ್ಕೆ ಮಾತ್ರ ಬರುತ್ತದೆ.

ಪರೀಕ್ಷೆ ಸುಲಭ. ಹಳೆಯ ಹತ್ತಿ ಬಟ್ಟೆಯನ್ನು ಎರಡು ಬೆರಳಗಲ ಪಟ್ಟಿ ಮಾಡಿ, ಪರದೆಗಳ ಕೆಳಗಿಂದ ತರಫ್ ತಂತಿಗಳ ಮೇಲೆ ಅಡ್ಡಲಾಗಿ ತೂರಿಸಿ. ಎಲ್ಲವೂ ಸುಮ್ಮನಾಗುತ್ತವೆ. ಈಗ ‘ಪ’ ನುಡಿಸಿ. ಝರ್ ನಿಂತರೆ ಕಾರಣ ತರಫ್. ನಿಲ್ಲದಿದ್ದರೆ ‘ಪ’ದ ಪರದೆಯ ದಾರ ಸಡಿಲಾಗಿದೆಯೇ, ಅದರ ಮುಂದಿನ ಪರದೆಗೆ ತಂತಿ ತಾಗುತ್ತಿದೆಯೇ ನೋಡಿ.

ತರಫ್ ಎಂದಾದರೆ ಬಟ್ಟೆ ತೆಗೆದು, ನೀವು ‘ಪ’ ನುಡಿಸುತ್ತಾ ಇರಿ, ಮಗಳು ಒಂದೊಂದೇ ತರಫನ್ನು ಬೆರಳ ತುದಿಯಿಂದ ಮುಟ್ಟಿ ನಿಲ್ಲಿಸಲಿ. ಯಾವುದನ್ನು ಮುಟ್ಟಿದಾಗ ಸದ್ದು ಅಡಗುತ್ತದೋ ಅದೇ ಕಳ್ಳ. ದೊಡ್ಡವರೇ ಮಾಡಿ ಮುಗಿಸಬೇಡಿ, ಅವಳೇ ಹುಡುಕಲಿ. ಆಮೇಲೆ ವಾದ್ಯದ ಭಯ ಹೋಗುತ್ತದೆ.

ವಾರ್ಜೆಯ ಅಮ್ಮ:

ಮೂರು ದಿನದ ವರದಿ ಕೊಡುತ್ತೇನೆ.

ಸಿತಾರ್ ಒಳಕೋಣೆಗೆ ಹೋಯಿತು. ಬಾಜ್ ಖುಂಟಿ ತೆಗೆದು ಬೆಳಕಿಗೆ ಹಿಡಿದರೆ ಕಾಕಾ ಹೇಳಿದ ಹಾಗೆ ಎರಡು ಕಡೆ ಪಟ್ಟಿ, ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು, ಸುತ್ತಲೂ ಇತ್ತು. ಸೀಮೆಸುಣ್ಣ ತಿಕ್ಕಿ ಹಾಕಿದೆ. ಒತ್ತಿ ತಿರುಗಿಸಿದಾಗ ಮೊದಲಿನ ಕಿರ್ ಸದ್ದಿಲ್ಲ, ಮೆತ್ತಗೆ ಕಚ್ಚಿಕೊಂಡಂತೆ ನಿಂತಿತು. ಮರುದಿನ ಬೆಳಿಗ್ಗೆ ಸ್ವಲ್ಪ ಮಾತ್ರ ಇಳಿದಿತ್ತು, ಮಗಳು ಮಣಿ ಸರಿಸಿ ತಾನೇ ಸರಿ ಮಾಡಿದಳು. ಇವತ್ತು ಮೀಂಡ್ ಎಳೆದರೂ ಜಾರಲಿಲ್ಲ.

ಝರ್ ಸದ್ದು ಬಟ್ಟೆ ತೂರಿಸಿದ ಕೂಡಲೇ ನಿಂತಿತು. ಅವಳು ಒಂದೊಂದೇ ತಂತಿ ಮುಟ್ಟುತ್ತಾ ಏಳನೆಯದಕ್ಕೆ ಬಂದಾಗ “ಇದೇ!” ಎಂದು ಕೂಗಿದಳು. ತಂತಿಗೆ ಏನೂ ಆಗಿರಲಿಲ್ಲ. ಹೊಸ ತಂತಿ ಹಾಕಿದಾಗ ಅದರ ಸಣ್ಣ ಖುಂಟಿಯಲ್ಲಿ ಕತ್ತರಿಸದೆ ಬಿಟ್ಟ ಅಕ್ಕಿಕಾಳಿನಷ್ಟು ತುದಿ ಬಾಗಿ ಪಕ್ಕದ ತಂತಿಗೆ ತಾಗುತ್ತಿತ್ತು. ಟಾರ್ಚ್ ಬಿಟ್ಟಾಗಲೇ ಕಂಡಿದ್ದು. ಉಗುರು ಕತ್ತರಿಯಿಂದ ಕತ್ತರಿಸಿದೆವು. ಪಿಂಪ್ರಿಯವರೇ, ನಿಮಗೆ ಎಷ್ಟು ಹೇಳಿದರೂ ಸಾಲದು. ಅವಳು ರಾತ್ರಿ ಊಟಕ್ಕೆ ಕರೆದರೂ ಏಳದೆ ‘ಪ’ವನ್ನೇ ನುಡಿಸುತ್ತಾ ಕೂತಿದ್ದಳು.

ಇನ್ನೆರಡು ಪ್ರಶ್ನೆ. ಎಡಗೈಯ ತೋರುಬೆರಳು, ನಡುಬೆರಳಲ್ಲಿ ತಂತಿಯ ಗೆರೆ ಬಿದ್ದು ಉರಿಯುತ್ತದೆ. ಮತ್ತೆ, ಘೋಡಿಯ ಮೇಲೆ ಬಾಜ್ ತಂತಿ ಕೂರುವಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು ಇದೆ.

ಶಿವಮೊಗ್ಗ ಟು ಪಿಂಪ್ರಿ:

ಬೆರಳಿಗೆ ಕೊಬ್ಬರಿ ಎಣ್ಣೆ. ಸಣ್ಣ ಡಬ್ಬಿಯಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿ ಪಕ್ಕದಲ್ಲೇ ಇರಲಿ, ನುಡಿಸುವಾಗ ಬೆರಳ ತುದಿಗೆ ಮುಟ್ಟಿಸಿಕೊಂಡರೆ ಜಾರುತ್ತದೆ, ಕೊಯ್ಯುವುದಿಲ್ಲ. ಒಂದು ಗಂಟೆ ಒಟ್ಟಿಗೆ ಕೂರಿಸಬೇಡಿ, ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸಾಕು. ಕೂರುವ ರೀತಿಯನ್ನೂ ಒಮ್ಮೆ ನೋಡಿ. ಬಲಗೈಯ ಮುಂದೋಳು ಬುರುಡೆಯನ್ನು ಒತ್ತಿ ಹಿಡಿದಿರಬೇಕು, ಎಡಗೈ ತೆಗೆದರೂ ಸಿತಾರ್ ಬೀಳಬಾರದು. ಎಡಗೈಯೇ ದಂಡಿಯ (ಉದ್ದ ಕೋಲಿನ) ಭಾರ ಹೊತ್ತರೆ ಬೆರಳು ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತದೆ, ಉರಿ ಜಾಸ್ತಿಯಾಗುತ್ತದೆ.

ನಾರಾಯಣ ಪೇಠೆ ಅಜ್ಜ:

ಓದಿ ಭಾಳ ಖುಷಿ ಆತು. ಇನ್ನ ಮಿರಗದ ಮಳಿ ಹತ್ತಿತಂದ್ರ ಇದ ಖುಂಟಿ ಉಬ್ಬಿ ಬಿಗೀತಾವ. ಆವಾಗ ಜೋರ ಮಾಡಿ ತಿರುವಬ್ಯಾಡ್ರಿ, ಮುರೀತದ. ಮೆಲ್ಲಕ ಸ್ವಲ್ಪ ಹೊರಗ ಎಳದು ತಿರುವ್ರಿ.

ಘೋಡಿ ಮ್ಯಾಲಿನ ಗೀರು ಅಂದ್ರ ಜವಾರಿ ಹೋಗೇದ. ಜವಾರಿ ಅಂದ್ರ ದನಿಗೆ ಝೇಂಕಾರ ಕೊಡೋ ಘೋಡಿ ಮೈಯ ಹದ. ತಂತಿ ಅಲ್ಲೆ ತಿಕ್ಕಿ ತಿಕ್ಕಿ ಹಳ್ಳ ಬಿದ್ದಿರತದ, ಅದಕ್ಕ ದನಿ ಮುಚ್ಚಿದಂಗ ಆಗತದ. ಮನ್ಯಾಗ ಕಾನಸ್ (ಅರ) ಹಚ್ಚಬ್ಯಾಡ್ರಿ. ಧಾರವಾಡಕ್ಕ ರೈಲ್ವೇಲೆ ಹೋಗೋ ಮುಂದ ಮಿರಜ ನಡುವ ಬರತದ, ಅಲ್ಲೆ ಇಳೀರಿ. ಮಿರಜದ ಸಿತಾರ್, ತಾನ್‌ಪುರಾಕ್ಕ 2024ರಾಗ ಜಿಐ (ಭೌಗೋಳಿಕ) ಗುರುತು ಸಿಕ್ಕದ. ತಲಿತಲಾಂತರದಿಂದ ಮಾಡ್ಕೊಂತ ಬಂದವರು ಅವರು, ವಾದ್ಯ ಕೈಯಾಗ ಹಿಡದ ಕೂಡಲೆ ಹೇಳತಾರ.

ವಾರ್ಜೆಯ ಅಮ್ಮ:

ಮೇ ಮೊದಲ ವಾರ ಊರಿಗೆ ಹೊರಟಿದ್ದೇವೆ ಕಾಕಾ, ಮಿರಜಿನಲ್ಲಿ ಇಳಿದೇ ಹೋಗುತ್ತೇವೆ. ಜವಾರಿ ಮಾಡುವಾಗ ಹತ್ತಿರ ಕೂತು ನೋಡಬಹುದಾ ಎಂದು ಮಗಳು ಕೇಳುತ್ತಿದ್ದಾಳೆ.

ನಾರಾಯಣ ಪೇಠೆ ಅಜ್ಜ:

ನೋಡ್ಲಿ, ಮುದ್ದಾಂ ಕೂತು ನೋಡ್ಲಿ. ಅರ್ಧಾ ದಿನ ಕೈಯಾಗ ಇಟಗೊಂಡು ಹೋಗ್ರಿ. ಕಾನಸ್ ತಿಕ್ಕತಾನ, ತಂತಿ ಏರಸ್ತಾನ, ಕೇಳತಾನ, ಮತ್ತ ಇಳಸ್ತಾನ. ದನಿ ಖುಲಾ (ಝೇಂಕಾರ ಹೆಚ್ಚು) ಬೇಕೋ, ಬಂದ್ (ಝೇಂಕಾರ ಕಡಿಮಿ) ಬೇಕೋ ಅಂತ ನಿಮ್ಮನ್ನ ಕೇಳತಾನ. ನೀವು ಹೇಳಬ್ಯಾಡ್ರಿ, ಆಕಿ ಎರಡೂ ಕೇಳಿ ಹೇಳ್ಲಿ.