‘ಸೀಡ್ ಗ್ರಾಂಟ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಕುಶಾಲನಗರದಿಂದ:
ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗಕ್ಕೆ ಬೋರ್ಡು, ಅರ್ಜಿ ನಮೂನೆ ಎರಡನ್ನೂ ಕನ್ನಡ ಮಾಡಿಕೊಡ್ತಿದೀನಿ, ‘ಇಂಟರ್ನಲ್ ಸೀಡ್ ಗ್ರಾಂಟ್’ ಹತ್ರ ಬಂದು ನಿಂತ್ಕೊಂಡೆ. ವಿಷಯ ಏನಂದ್ರೆ ಇದು ಹೊರಗಿನವರ ದುಡ್ಡಲ್ಲ, ವಿವಿ ತನ್ನ ಸ್ವಂತ ಬಜೆಟ್ಟಿಂದ ತನ್ನ ಮೇಷ್ಟ್ರುಗಳಿಗೇ ಕೊಡೋ ಸಣ್ಣ ಮೊತ್ತ, ಅದ್ರಲ್ಲಿ ಅವರು ಸ್ಯಾಂಪಲ್ಲು, ಫೀಲ್ಡ್ ಓಡಾಟ, ಒಂದಿಷ್ಟು ಡೇಟಾ ಮಾಡ್ಕೊಂಡು ಆಮೇಲೆ ಎಎನ್‌ಆರ್‌ಎಫ್, ಐಸಿಎಸ್‌ಎಸ್‌ಆರ್ ಥರ ಸಂಶೋಧನೆಗೆ ದುಡ್ಡು ಕೊಡೋ ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕೋದು. ಕಾಲೇಜು, ವಿವಿಗಳ ಗುಣಮಟ್ಟ ಅಳೆಯೋ ನ್ಯಾಕ್‌ನವರೂ ಈ ಸೀಡ್ ಮನಿ ಎಷ್ಟು ಕೊಟ್ರಿ ಅಂತ ಕೇಳ್ತಾರೆ.

ಹೋದ್ಸಲ ಬೇರೊಂದು ಕಾಲೇಜಿಗೆ ‘ಬೀಜಧನ’ ಅಂತ ನಾನೇ ಬರೆದುಕೊಟ್ಟಿದ್ದೆ. ನೋಟಿಸ್ ಹಾಕಿದ ಎರಡನೇ ದಿನ ಹಿರಿಯರೊಬ್ಬರು ಪಹಣಿ, ಆಧಾರ್ ಜೆರಾಕ್ಸ್ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಮಳೇಲಿ ನೆನೆದು ಬಂದು, ಬಿತ್ತನೆ ಭತ್ತಕ್ಕೆ ದುಡ್ಡು ಇಲ್ಲೇ ಕೊಡೋದಾ ಮಗಾ ಅಂತ ಕೇಳಿದ್ರು. ರೈತ ಸಂಪರ್ಕ ಕೇಂದ್ರದ ದಾರಿ ತೋರಿಸಿ ಕಳಿಸಿದೆ, ಆದ್ರೆ ಅವತ್ತು ಊಟ ಸೇರ್ಲಿಲ್ಲ. ಬೋರ್ಡ್ ಬರೆಯೋರು ಐದಕ್ಕೆ ಅಕ್ಷರ ಕೇಳಿದಾರೆ.

ವಿರಾಜಪೇಟೆಯಿಂದ:
ಬೀಜವೂ ಸಂಸ್ಕೃತ, ಧನವೂ ಸಂಸ್ಕೃತ, ಬೇಡವೇ ಬೇಡ. ನಮ್ಮದೇ ‘ಬಿತ್ತು’ ಇದೆಯಲ್ಲ, ತಮಿಳು ಮಲಯಾಳದಲ್ಲಿ ವಿತ್ತು, ನಮ್ಮಲ್ಲಿ ವ ಹೋಗಿ ಬ. ಸಂಸ್ಕೃತದವರು ಹಣಕ್ಕೆ ‘ವಿತ್ತ’ ಅನ್ನೋದೂ ಇದೇ ವಿತ್ತು, ಬೀಜವೇ ಆಸ್ತಿಯಾಗಿದ್ದ ಕಾಲದ ಮಾತು ಅಂತ ನಾನು ಬಹಳ ವರ್ಷದಿಂದ ಹೇಳ್ತಾ ಬಂದಿದ್ದೇನೆ. ‘ಬಿತ್ತುಹಣ’ ಸಾಕು. ಸಂಶೋಧನೆ ತೆಗೆದು ‘ಅರಕೆ’ ಹಾಕಿ.

ಮಡಿಕೇರಿಯಿಂದ:
ವಿತ್ತಕ್ಕೂ ಬಿತ್ತಿಗೂ ಸಂಬಂಧ ಇಲ್ಲ. ವಿದ್ ಧಾತು, ಸಿಕ್ಕಿದ್ದು, ಪಡೆದದ್ದು ಅಂತ ಅರ್ಥ. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಸಬೇಡಿ. ಅರಕೆ ಅಂತ ಬೋರ್ಡ್ ಹಾಕಿದ್ರೆ ಜನ ಹರಕೆ ಅಂತ ಓದ್ತಾರೆ. ಗ್ರಾಂಟಿಗೆ ‘ಅನುದಾನ’ ಇರ್ಲಿ, ಅನುದಾನಿತ ಶಾಲೇಲಿ ಓದಿದ ಎಲ್ಲರಿಗೂ ಗೊತ್ತಿರೋ ಪದ. ‘ಸಹಾಯಧನ’ ಮಾತ್ರ ಹಾಕ್ಬೇಡಿ, ನಮ್ಮ ಜಿಲ್ಲೇಲಿ ಹಾಗಂದ್ರೆ ಸಬ್ಸಿಡಿ, ಇನ್ನೂ ನಾಲ್ಕು ಜನ ಪಹಣಿ ಹಿಡ್ಕೊಂಡು ಬರ್ತಾರೆ.

ಸೋಮವಾರಪೇಟೆಯಿಂದ:
ಸೀಡ್ ಗ್ರಾಂಟ್ ಅಂತಲೇ ಕನ್ನಡ ಅಕ್ಷರದಲ್ಲಿ ಬರೀರಿ. ತೋಟದ ಆಳುಗಳಿರೋ ಲೈನ್‌ಮನೆಗೆ ಯಾರಾದ್ರೂ ಸಾಲುಮನೆ ಅಂತಾರಾ, ಲೆಕ್ಕ ಬರೆಯೋ ತೋಟದ ರೈಟ್ರನ್ನ ಬರಹಗಾರ ಅಂತ ಕರೀತೀವಾ. ಅರ್ಜಿ ಹಾಕೋರು ಪಿಎಚ್‌ಡಿ ಆದೋರು, ಅವರಿಗೆ ಅರ್ಥ ಆದ್ರೆ ಆಯ್ತು.

ವಿರಾಜಪೇಟೆಯಿಂದ:
ಅವರಿಗಷ್ಟೇ ಅರ್ಥ ಆದ್ರೆ ಸಾಕು ಅನ್ನೋದಾದ್ರೆ ಕನ್ನಡ ಬೋರ್ಡೇ ಯಾಕೆ? ಅದನ್ನ ಓದೋರು ಗುಮಾಸ್ತರು, ಪಿಯುಸಿ ಮುಗಿಸಿ ಸೇರೋಕೆ ಬಂದ ಮಕ್ಕಳು, ಅವರ ಅಪ್ಪ ಅಮ್ಮ. ಲೈನ್‌ಮನೆ, ರೈಟ್ರು ಎಲ್ಲ 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗು ಹಿಡಿದ ಮೇಲೆ ಬಿಳಿ ದೊರೆಗಳ ತೋಟದ ಜೊತೆ ಬಂದದ್ದು, ಆಗ ನಮ್ಮನ್ನ ಯಾರೂ ಕೇಳ್ಲಿಲ್ಲ. ಈಗ ಕೇಳ್ತಿದಾರೆ, ಈಗಲೂ ಅವರ ಪದವೇ ಕೊಡೋದಾ?

ಪೊನ್ನಂಪೇಟೆಯಿಂದ:
ಜಗಳ ಬಿಟ್ಟು ಗದ್ದೆ ಕಡೆ ನೋಡಿ. ಮಳೆ ಹಿಡೀತಿದ್ದ ಹಾಗೆ ಒಂದು ಮೂಲೇಲಿ ಮಡಿ ಮಾಡಿ ಬೀಜ ಒತ್ತಾಗಿ ಚೆಲ್ತೀವಿ, ಅಗೆ, ಅಂದ್ರೆ ಸಸಿ, ಎದ್ದ ಮೇಲೆ ಕಿತ್ತು ಕಟ್ಟು ಕಟ್ಟಿ ದೊಡ್ಡ ಗದ್ದೇಲಿ ನಾಟಿ. ಒಳಗಿನ ದುಡ್ಡಲ್ಲಿ ಸಣ್ಣದಾಗಿ ಎಬ್ಬಿಸಿ ಹೊರಗಿನ ದೊಡ್ಡ ಫಂಡಿಗೆ ಒಯ್ಯೋದೂ ಅದೇ ತಾನೇ? ‘ಅಗೆ ಅನುದಾನ’ ಅನ್ನಿ.

ಮಡಿಕೇರಿಯಿಂದ:
ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಅದೂ ಅಲ್ದೆ ಮತ್ತೆ ಭತ್ತಕ್ಕೇ ಬಂದ್ರಿ.

ಕುಶಾಲನಗರದಿಂದ:
ಅಗೆ ಅನ್ನೋದು ನಂಗೆ ತುಂಬಾ ಹಿಡಿಸ್ತು, ಆದ್ರೆ ಆ ಹಿರಿಯರ ಮುಖ ಕಣ್ಮುಂದೆ ಬರುತ್ತೆ, ಬೋರ್ಡಿಗೆ ಧೈರ್ಯ ಸಾಲ್ದು. ‘ಬೋಧಕರ ಸಂಶೋಧನೆಗೆ ಆರಂಭಿಕ ಅನುದಾನ’ ಅಂತ ಕೊಟ್ಟೆ, ಕೆಳಗೆ ಸಣ್ಣಕ್ಷರದಲ್ಲಿ ‘ವಿಶ್ವವಿದ್ಯಾಲಯದ ಸ್ವಂತ ನಿಧಿಯಿಂದ’. ಆಂತರಿಕ ಬಿಟ್ಟೆ, ಹುಡುಗರು ಇಂಟರ್ನಲ್ ಮಾರ್ಕ್ಸ್ ಅಂದ್ಕೋತಾರೆ. ಅರ್ಜಿಯ ಮೊದಲ ಪುಟದಲ್ಲಿ ಅಗೆ, ನಾಟಿ ಮಾತು ಎರಡು ಸಾಲು ಹಾಕ್ತೀನಿ, ಪೊನ್ನಂಪೇಟೆ ಅಣ್ಣನಿಗೆ ಥ್ಯಾಂಕ್ಸ್.

ವಿರಾಜಪೇಟೆಯಿಂದ:
ಆರಂಭಿಕವೂ ಸಂಸ್ಕೃತ. ‘ಮೊದಲ’ ಅನ್ನೋಕೆ ಏನಾಗಿತ್ತು?