ಸಹಾಯ ಬೇಕು: ಮುಧೋಳ ನಾಯಿಯ ಬುದ್ಧಿ ಪರೀಕ್ಷೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮುಧೋಳ ನಾಯಿ ಕಾಳಿಗೆ ಮಗಳು ಮನೆಯಲ್ಲೇ ಬುದ್ಧಿ ಪರೀಕ್ಷೆ ಶುರು ಮಾಡಿದ್ದಾಳೆ. ತಲೆ ಮೇಲೆ ಟವೆಲ್ ಹಾಕಿದರೆ ತಕ್ಷಣ ಕೊಡವಿ ಬೀಳಿಸುತ್ತದೆ. ಅದರಲ್ಲಿ ಪಾಸು!

ತೊಂದರೆ ಇರೋದು ಲೋಟದ ಆಟದಲ್ಲಿ. ಎರಡು ಸ್ಟೀಲ್ ಲೋಟ ಬೋರಲು ಹಾಕಿ, ಒಂದರ ಕೆಳಗೆ ಬೇಯಿಸಿದ ಮೊಟ್ಟೆ ಚೂರು ಇಡುತ್ತೇವೆ. ಕಾಳಿ ನೋಡಿ ನೆನಪಿಟ್ಟುಕೊಳ್ಳುತ್ತಾ, ಇಲ್ಲ ಮೂಸಿ ಹಿಡಿಯುತ್ತಾ ಗೊತ್ತಾಗುತ್ತಿಲ್ಲ. ಎರಡೂ ಲೋಟದೊಳಗೆ ಮೊಟ್ಟೆ ಸವರಿದರೆ ಸಾಕಾ? ನಾಯಿಗಳು ನಮ್ಮ ಬೆರಳು, ನೋಟ ಎರಡನ್ನೂ ಗಮನಿಸುತ್ತವೆ. ಹಾಗಾಗಿ ಮೊಟ್ಟೆ ಇಟ್ಟವರು ಹೊರಗೆ ಹೋಗಬೇಕಾ?

"ಕೂತ್ಕೋ" ಅಂದರೆ ಮಾತ್ರ ಕಾಳಿ ಕಿಟಕಿ ನೋಡುತ್ತದೆ. ಪಕ್ಕದ ಮನೆಯವರು ದಡ್ಡ ಅಂತಾರೆ. ಇದು ಕಣ್ಣಲ್ಲಿ ಬೇಟೆ ಹುಡುಕಿ ಓಡುವ ತಳಿ, ಲ್ಯಾಬ್ರಡಾರ್ ಜೊತೆ ಹೋಲಿಸೋದು ಸರಿಯಲ್ಲ ಅಲ್ವಾ? ಮುಧೋಳ ಸಾಕಿದವರು ಯಾವ ಆಟ ಆಡಿಸಿದ್ದೀರಿ, ದಯವಿಟ್ಟು ತಿಳಿಸಿ.